ಖಾಸಗಿ ಭದ್ರತಾ ಏಜೆನ್ಸಿಯ ಪರವಾನಗಿ: ಕೋಲಾರ ಜಿಲ್ಲೆಯ ಏಜೆನ್ಸಿ ಮಾಲೀಕರಿಗೆ, ಕಾವಲು ಸಿಬ್ಬಂದಿಗೆ ಮತ್ತು ಸೇವೆ ಪಡೆಯುವವರಿಗೆ ಮಾರ್ಗದರ್ಶಿ

ನರಸಾಪುರ, ವೇಮಗಲ್ ಮತ್ತು ಮಾಲೂರು ಕೈಗಾರಿಕಾ ಪ್ರದೇಶಗಳ ಕಾರ್ಖಾನೆ ಗೇಟುಗಳಲ್ಲಿ, ಕೋಲಾರ ನಗರದ ಆಸ್ಪತ್ರೆ, ಕಾಲೇಜು, ಬ್ಯಾಂಕುಗಳ ಬಾಗಿಲಲ್ಲಿ ಸಮವಸ್ತ್ರ ಧರಿಸಿ ನಿಂತಿರುವ ಸೆಕ್ಯುರಿಟಿ ಸಿಬ್ಬಂದಿಯಲ್ಲಿ ಹೆಚ್ಚಿನವರು ಆ ಸಂಸ್ಥೆಗಳ ನೇರ ನೌಕರರಲ್ಲ. ಯಾವುದೋ ಒಂದು ಏಜೆನ್ಸಿಯ ಮೂಲಕ ಅಲ್ಲಿಗೆ ಬಂದವರು. ಆ ಏಜೆನ್ಸಿ ಹೇಗೆ ನಡೆಯಬೇಕು, ಯಾರನ್ನು ನೇಮಿಸಿಕೊಳ್ಳಬಹುದು, ನೇಮಕಗೊಂಡವರಿಗೆ ಏನನ್ನು ಕೊಡಲೇಬೇಕು ಎಂಬುದನ್ನೆಲ್ಲ 2005ರ ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆ ನಿರ್ಧರಿಸುತ್ತದೆ. ಈ ವ್ಯವಹಾರದಲ್ಲಿರುವವರು ಅದನ್ನು ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ (PSARA) ‘ಪಸಾರಾ’ ಎಂದೇ ಕರೆಯುತ್ತಾರೆ. ಸಂಸತ್ತಿನ ಈ ಕಾಯ್ದೆ 2006ರ ಮಾರ್ಚ್‌ನಲ್ಲಿ ಜಾರಿಗೆ ಬಂದಿತು. ಅದರಡಿ ಕೇಂದ್ರ ಸರ್ಕಾರ ಮಾದರಿ ನಿಯಮಗಳನ್ನು ರೂಪಿಸಿತು, ಕರ್ನಾಟಕವು 2008ರಲ್ಲಿ ತನ್ನದೇ ನಿಯಮಗಳನ್ನು ಮಾಡಿಕೊಂಡಿತು.

ಪಸಾರಾ ಎಂದೊಡನೆ ಅದು ಏಜೆನ್ಸಿ ಮಾಲೀಕರು ಕಚೇರಿಯ ಗೋಡೆಗೆ ತೂಗುಹಾಕುವ ಕಾಗದ ಮಾತ್ರ ಎಂದು ಹಲವರು ಭಾವಿಸುತ್ತಾರೆ. ಈ ಕಾಯ್ದೆಯಿಂದ ಹೆಚ್ಚು ಪ್ರಯೋಜನ ಪಡೆಯಬೇಕಾದವನು ಗೇಟಿನಲ್ಲಿ ನಿಲ್ಲುವ ಕಾವಲುಗಾರ. ಆದರೆ ತನ್ನ ಹೆಸರಿನಲ್ಲಿ ಯಾವ ದಾಖಲೆಗಳಿರಬೇಕು ಎಂಬುದೇ ಅವನಿಗೆ ತಿಳಿದಿರುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಪರವಾನಗಿ ಪಡೆಯುವ ಕ್ರಮವನ್ನು ವಿವರಿಸುವುದರ ಜೊತೆಗೆ, ನೇಮಕಾತಿಯ ಭಾಗಕ್ಕೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಮೊದಲು: ಪರವಾನಗಿ ಯಾರಿಗೆ ಬೇಕು?

ಕೈಗಾರಿಕೆ, ವ್ಯಾಪಾರ ಸಂಸ್ಥೆ, ಕಂಪನಿ ಅಥವಾ ಯಾವುದೇ ವ್ಯಕ್ತಿಗೆ, ಆಸ್ತಿಗೆ ಕಾವಲು ಸಿಬ್ಬಂದಿಯನ್ನು ಒದಗಿಸುವ ವ್ಯವಹಾರ ನಡೆಸುವ ಪ್ರತಿಯೊಬ್ಬರಿಗೂ ಪರವಾನಗಿ ಬೇಕು. ಕಾವಲುಗಾರರಿಗೆ ಅಥವಾ ಅವರ ಸೂಪರ್‌ವೈಸರ್‌ಗಳಿಗೆ ತರಬೇತಿ ನೀಡುವ ವ್ಯವಹಾರವೂ ಇದರ ವ್ಯಾಪ್ತಿಗೆ ಬರುತ್ತದೆ. ಏಜೆನ್ಸಿ ಒಬ್ಬರ ಮಾಲೀಕತ್ವದ್ದಾಗಿರಲಿ, ಪಾಲುದಾರಿಕೆಯದಾಗಿರಲಿ, ಕಂಪನಿಯಾಗಿರಲಿ, ಹತ್ತು ಜನರನ್ನು ಕಳುಹಿಸಲಿ, ಸಾವಿರ ಜನರನ್ನು ಕಳುಹಿಸಲಿ, ನಿಯಮ ಒಂದೇ. ಮಾಲೀಕರು ನಿವೃತ್ತ ಸೈನಿಕರಾಗಿದ್ದರೂ ವಿನಾಯಿತಿ ಇಲ್ಲ. ಊರಿಗೆ ಮರಳಿ ಏಜೆನ್ಸಿ ಆರಂಭಿಸುವ ಮಾಜಿ ಸೈನಿಕರು ಇದನ್ನು ವಿಶೇಷವಾಗಿ ಗಮನಿಸಬೇಕು.

ಮಾವಿನ ತೋಟದ ಮಾಲೀಕರೊಬ್ಬರು ತಮ್ಮ ತೋಟಕ್ಕೆ ಅಥವಾ ಶಾಲೆಯೊಂದು ತನ್ನ ಆವರಣಕ್ಕೆ ನೇರವಾಗಿ ಸಂಬಳ ಕೊಟ್ಟು ಕಾವಲುಗಾರನನ್ನು ಇಟ್ಟುಕೊಂಡರೆ ಅದು ಏಜೆನ್ಸಿ ವ್ಯವಹಾರವಲ್ಲ, ಆದ್ದರಿಂದ ಅವರಿಗೆ ಈ ಪರವಾನಗಿ ಬೇಕಿಲ್ಲ. ಹೌಸ್‌ಕೀಪಿಂಗ್ ಅಥವಾ ಕಾರ್ಮಿಕ ಪೂರೈಕೆಯ ಗುತ್ತಿಗೆದಾರರು ಶುಚಿತ್ವದ ಸಿಬ್ಬಂದಿಯೊಂದಿಗೆ ನಾಲ್ಕು ಜನ ‘ಸೆಕ್ಯುರಿಟಿ’ಯನ್ನೂ ಸೇರಿಸಿ ಬಿಲ್ ಮಾಡಿದರೆ, ಆ ನಾಲ್ಕು ಜನರ ಮಟ್ಟಿಗೆ ಅವರು ಭದ್ರತಾ ಏಜೆನ್ಸಿಯೇ ಆಗುತ್ತಾರೆ; ಪರವಾನಗಿ ಇಲ್ಲದಿದ್ದರೆ ಅದು ಅಪರಾಧ. ಪರವಾನಗಿಯಿಲ್ಲದೆ ವ್ಯವಹಾರ ನಡೆಸುವವರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 25,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಕಾಯ್ದೆಯ 20ನೇ ಪ್ರಕರಣದಲ್ಲಿ ಅವಕಾಶವಿದೆ.

ಎರಡನೆಯದು: ಎಷ್ಟು ಜಿಲ್ಲೆಗಳಿಗೆ ಎಂಬ ತೀರ್ಮಾನ

ಅರ್ಜಿ ತುಂಬುವ ಮೊದಲೇ ವ್ಯವಹಾರದ ವ್ಯಾಪ್ತಿಯನ್ನು ನಿರ್ಧರಿಸಿಕೊಳ್ಳಬೇಕು, ಏಕೆಂದರೆ ಶುಲ್ಕ ಅದನ್ನೇ ಅವಲಂಬಿಸಿದೆ. ಒಂದೇ ಜಿಲ್ಲೆಗಾದರೆ 5,000 ರೂಪಾಯಿ, ಒಂದಕ್ಕಿಂತ ಹೆಚ್ಚು, ಐದು ಜಿಲ್ಲೆಗಳವರೆಗೆ 10,000 ರೂಪಾಯಿ, ಇಡೀ ರಾಜ್ಯಕ್ಕೆ 25,000 ರೂಪಾಯಿ ಎಂದು ಕಾಯ್ದೆಯಲ್ಲೇ ನಮೂದಾಗಿದೆ.

ಕೋಲಾರದವರು ಇಲ್ಲಿ ತುಸು ಯೋಚಿಸಬೇಕು. ನರಸಾಪುರದ ಕೆಲಸ ಮಾಡುವ ಏಜೆನ್ಸಿಗೆ ನಾಳೆ ಹೊಸಕೋಟೆಯ ಗೋದಾಮೊಂದರಿಂದ ಕರೆ ಬರಬಹುದು, ಚಿಂತಾಮಣಿಯ ಕಲ್ಯಾಣ ಮಂಟಪದವರು ಕೇಳಬಹುದು. ಇವೆರಡೂ ಬೇರೆ ಬೇರೆ ಜಿಲ್ಲೆಗಳು. ಕೋಲಾರಕ್ಕಷ್ಟೇ ಪಡೆದ ಪರವಾನಗಿಯಿಂದ ಅಲ್ಲಿಗೆ ಜನರನ್ನು ಕಳುಹಿಸುವಂತಿಲ್ಲ. ಐದು ಸಾವಿರ ಉಳಿಸಲು ಒಂದೇ ಜಿಲ್ಲೆ ಬರೆದು, ಆಮೇಲೆ ಗಡಿ ದಾಟಿ ಕೆಲಸ ಒಪ್ಪಿಕೊಳ್ಳುವುದಕ್ಕಿಂತ ಆರಂಭದಲ್ಲೇ ಐದು ಜಿಲ್ಲೆಗಳ ಪರವಾನಗಿ ಪಡೆಯುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ರಾಜ್ಯದ ಗಡಿಯ ವಿಷಯದಲ್ಲಂತೂ ಅನುಮಾನಕ್ಕೆ ಎಡೆಯೇ ಇಲ್ಲ. ಮಾಲೂರಿನಿಂದ ಹೊಸೂರು, ಕೆಜಿಎಫ್‌ನಿಂದ ಕುಪ್ಪಂ ಎಷ್ಟೇ ಹತ್ತಿರವಿದ್ದರೂ ಹೊಸೂರಿನ ಕೆಲಸಕ್ಕೆ ತಮಿಳುನಾಡಿನ, ಕುಪ್ಪಂನ ಕೆಲಸಕ್ಕೆ ಆಂಧ್ರಪ್ರದೇಶದ ಪರವಾನಗಿ ಬೇಕು. ಕರ್ನಾಟಕದ ಇಡೀ ರಾಜ್ಯದ ಪರವಾನಗಿಯೂ ಅಲ್ಲಿ ನಡೆಯುವುದಿಲ್ಲ.

ಮೂರನೆಯದು: ಅರ್ಜಿದಾರರ ಅರ್ಹತೆ

ವಂಚನೆಗೆ ಸಂಬಂಧಿಸಿದಂತೆ ಕಂಪನಿ ವ್ಯವಹಾರದಲ್ಲಿ ಶಿಕ್ಷೆಯಾದವರು, ದಿವಾಳಿ ಎಂದು ಘೋಷಿತರಾಗಿ ಅದರಿಂದ ಬಿಡುಗಡೆ ಹೊಂದದವರು, ಎರಡು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ ನಿಗದಿಯಾಗಿರುವ ಅಪರಾಧದಲ್ಲಿ ನ್ಯಾಯಾಲಯದಿಂದ ದೋಷಿಯೆಂದು ತೀರ್ಮಾನಿಸಲ್ಪಟ್ಟವರು, ರಾಷ್ಟ್ರೀಯ ಭದ್ರತೆ ಅಥವಾ ಸಾರ್ವಜನಿಕ ಶಾಂತಿಗೆ ಧಕ್ಕೆ ಎಂಬ ಕಾರಣಕ್ಕೆ ನಿಷೇಧಿತವಾದ ಸಂಘಟನೆಗಳೊಂದಿಗೆ ನಂಟು ಇಟ್ಟುಕೊಂಡವರು, ದುರ್ನಡತೆ ಅಥವಾ ನೈತಿಕ ಅಧಃಪತನದ ಕಾರಣಕ್ಕೆ ಸರ್ಕಾರಿ ಸೇವೆಯಿಂದ ವಜಾಗೊಂಡವರು ಪರವಾನಗಿಗೆ ಅರ್ಹರಲ್ಲ. ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯಾದರೆ ಅದು ಭಾರತದಲ್ಲಿ ನೋಂದಣಿಯಾಗಿರಬೇಕು. ಮಾಲೀಕರು, ಬಹುಪಾಲು ಷೇರುದಾರರು, ಪಾಲುದಾರರು ಹಾಗೂ ನಿರ್ದೇಶಕರು ಭಾರತದ ನಾಗರಿಕರಾಗಿರಬೇಕು.

ನಾಲ್ಕನೆಯದು: ದಾಖಲೆ ಮತ್ತು ಅರ್ಜಿ

ಕೇಂದ್ರ ಗೃಹ ಸಚಿವಾಲಯವು ಈ ಪರವಾನಗಿಗಳಿಗಾಗಿ ಪಸಾರಾ ಪೋರ್ಟಲ್ ಅನ್ನು ರೂಪಿಸಿದೆ. ಪರವಾನಗಿ ಕೊಡುವವರು ಮಾತ್ರ ರಾಜ್ಯ ಸರ್ಕಾರ ನೇಮಿಸಿದ ನಿಯಂತ್ರಣ ಪ್ರಾಧಿಕಾರ. ತಾಲ್ಲೂಕು ಕಚೇರಿಯಾಗಲಿ, ನಗರಸಭೆಯಾಗಲಿ, ಸ್ಥಳೀಯ ಪೊಲೀಸ್ ಠಾಣೆಯಾಗಲಿ ಇದನ್ನು ಕೊಡುವುದಿಲ್ಲ. ನಗರಸಭೆಯ ವ್ಯಾಪಾರ ಪರವಾನಗಿಯನ್ನೋ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿಯನ್ನೋ ತೋರಿಸಿ ‘ಲೈಸೆನ್ಸ್ ಇದೆ’ ಎನ್ನುವವರಿದ್ದಾರೆ. ಅವು ಬೇಕಾದ ದಾಖಲೆಗಳೇ ಹೌದು, ಆದರೆ ಪಸಾರಾ ಪರವಾನಗಿಗೆ ಬದಲಿಯಲ್ಲ.

ಸಂಸ್ಥೆಯ ನೋಂದಣಿ ಪತ್ರ ಅಥವಾ ಪಾಲುದಾರಿಕೆ ಒಪ್ಪಂದ, ಪ್ಯಾನ್, ಜಿಎಸ್‌ಟಿ, ಭವಿಷ್ಯ ನಿಧಿ ಮತ್ತು ಇಎಸ್‌ಐ (ನೌಕರರ ರಾಜ್ಯ ವಿಮೆ) ನೋಂದಣಿಗಳು, ಕಚೇರಿಯ ಬಾಡಿಗೆ ಕರಾರು ಅಥವಾ ಸ್ವಂತದ ಪುರಾವೆ, ಮಾಲೀಕರ ಗುರುತು ಮತ್ತು ವಿಳಾಸದ ದಾಖಲೆಗಳು, ಮಾನ್ಯತೆ ಪಡೆದ ತರಬೇತಿ ಸಂಸ್ಥೆಯೊಂದಿಗೆ ಮಾಡಿಕೊಂಡ ಒಪ್ಪಂದ ಇವುಗಳನ್ನು ಮೊದಲೇ ಸಿದ್ಧಪಡಿಸಿಕೊಳ್ಳಬೇಕು. ಎಲ್ಲ ದಾಖಲೆಗಳಲ್ಲೂ ಸಂಸ್ಥೆಯ ಹೆಸರು ಮತ್ತು ವಿಳಾಸ ಅಕ್ಷರಶಃ ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಬೇಕು. ಪ್ಯಾನ್‌ನಲ್ಲಿ ಒಂದು ಇನಿಷಿಯಲ್, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಅರ್ಜಿಯೊಂದಿಗೆ ಕೊಡುವ ಪ್ರಮಾಣಪತ್ರವನ್ನು, ಅಂದರೆ ಅಫಿಡವಿಟ್ಟನ್ನು, ಹಗುರವಾಗಿ ತೆಗೆದುಕೊಳ್ಳಬಾರದು. ಮೇಲೆ ಹೇಳಿದ ಅನರ್ಹತೆಗಳು ತಮಗೆ ಅನ್ವಯಿಸುವುದಿಲ್ಲವೆಂದು, ಸಿಬ್ಬಂದಿಗೆ ತರಬೇತಿಯ ವ್ಯವಸ್ಥೆ ಮಾಡುವುದಾಗಿ, ಪರವಾನಗಿಯ ಷರತ್ತುಗಳನ್ನು ಪಾಲಿಸುವುದಾಗಿ ಅದರಲ್ಲಿ ಹೇಳಬೇಕು. ತಮ್ಮ ಮೇಲೆ ಪೊಲೀಸ್ ಠಾಣೆಯಲ್ಲಿ ದಾಖಲಾದ ಅಥವಾ ನ್ಯಾಯಾಲಯದಲ್ಲಿ ಬಾಕಿಯಿರುವ ಪ್ರಕರಣಗಳ ವಿವರವನ್ನೂ ಕೊಡಬೇಕು. ಜಮೀನಿನ ಜಗಳದಲ್ಲಿ ದಾಖಲಾದ ಹಳೆಯ ಪ್ರಕರಣವಾದರೂ ಬಾಕಿಯಿದ್ದರೆ ಬರೆಯುವುದೇ ಸರಿ. ಬಾಕಿಯಿರುವ ಪ್ರಕರಣವು ತಾನಾಗಿಯೇ ಅನರ್ಹತೆಯಾಗುವುದಿಲ್ಲ; ಆದರೆ ಮುಖ್ಯ ಸಂಗತಿಯನ್ನು ಮರೆಮಾಚಿ ಪಡೆದ ಪರವಾನಗಿಯನ್ನು ಆ ಕಾರಣಕ್ಕೇ ರದ್ದುಪಡಿಸಲು ಅವಕಾಶವಿದೆ.

ಅರ್ಜಿ ಸಲ್ಲಿಸಿದ ನಂತರ ಪ್ರಾಧಿಕಾರ ವಿಚಾರಣೆ ನಡೆಸಿ, ಸಂಬಂಧಪಟ್ಟ ಪೊಲೀಸ್ ಅಧಿಕಾರಿಗಳಿಂದ ನಿರಾಕ್ಷೇಪಣಾ ಪತ್ರ ತರಿಸಿಕೊಳ್ಳುತ್ತದೆ. ಎಲ್ಲ ವಿವರಗಳಿಂದ ಪೂರ್ಣವಾದ ಅರ್ಜಿ ತಲುಪಿದ 60 ದಿನಗಳೊಳಗೆ ಪರವಾನಗಿ ಕೊಡಬೇಕು ಅಥವಾ ಕಾರಣ ಬರೆದು ತಿರಸ್ಕರಿಸಬೇಕು. ತಿರಸ್ಕರಿಸುವ ಮೊದಲು ಅರ್ಜಿದಾರರ ಅಹವಾಲು ಕೇಳಬೇಕು. ಆದೇಶ ಒಪ್ಪಿಗೆಯಾಗದಿದ್ದರೆ ಅದರ ದಿನಾಂಕದಿಂದ 60 ದಿನಗಳೊಳಗೆ ರಾಜ್ಯದ ಗೃಹ ಕಾರ್ಯದರ್ಶಿಯವರಿಗೆ ಮೇಲ್ಮನವಿ ಸಲ್ಲಿಸಬಹುದು.

ಐದನೆಯದು: ಪರವಾನಗಿ ಕೈಸೇರಿದ ಮೇಲೆ

ಪರವಾನಗಿಯ ಅವಧಿ ಐದು ವರ್ಷ. ಅದನ್ನು ಪಡೆದ ಆರು ತಿಂಗಳೊಳಗೆ ಕೆಲಸ ಆರಂಭಿಸಬೇಕು, 60 ದಿನಗಳೊಳಗೆ ಸೂಪರ್‌ವೈಸರ್‌ಗಳನ್ನು ನೇಮಿಸಬೇಕು, ಪರವಾನಗಿಯನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು. ಸೂಪರ್‌ವೈಸರ್ ನೇಮಕದಲ್ಲಿ ಸೇನೆ, ಅರೆಸೇನಾ ಪಡೆ, ಪೊಲೀಸ್ ಅಥವಾ ಗೃಹರಕ್ಷಕ ದಳದಲ್ಲಿ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಅನುಭವವಿರುವವರಿಗೆ ಆದ್ಯತೆ. ಮಾದರಿ ನಿಯಮಗಳ ಪ್ರಕಾರ ಒಬ್ಬ ಸೂಪರ್‌ವೈಸರ್ 15ಕ್ಕಿಂತ ಹೆಚ್ಚು ಕಾವಲುಗಾರರನ್ನು ನೋಡಿಕೊಳ್ಳುವಂತಿಲ್ಲ. ಅವರು ಬೇರೆ ಬೇರೆ ಸ್ಥಳಗಳಲ್ಲಿ ಚದುರಿ ಕೆಲಸ ಮಾಡುತ್ತಿದ್ದು ಒಬ್ಬರಿಂದ ಮೇಲ್ವಿಚಾರಣೆ ಸಾಧ್ಯವಿಲ್ಲದಿದ್ದರೆ ಪ್ರತಿ ಆರು ಜನರಿಗೆ ಒಬ್ಬರು ಬೇಕು. ಮುಳಬಾಗಿಲಿನಲ್ಲಿ ಇಬ್ಬರು, ಶ್ರೀನಿವಾಸಪುರದಲ್ಲಿ ಮೂವರು, ಬಂಗಾರಪೇಟೆಯಲ್ಲಿ ನಾಲ್ವರು ಎಂದು ಹರಡಿಕೊಂಡಿರುವ ಸಣ್ಣ ಏಜೆನ್ಸಿಗಳಿಗೆ ಅನ್ವಯಿಸುವುದು ಈ ಎರಡನೆಯ ಲೆಕ್ಕ. ಸೂಪರ್‌ವೈಸರ್‌ಗಳ ಸಂಬಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಟೆಂಡರ್‌ನಲ್ಲಿ ದರ ನಮೂದಿಸಿದವರು ಕೊನೆಗೆ ಕಾವಲುಗಾರರ ಸಂಬಳಕ್ಕೆ ಕೈಹಾಕುತ್ತಾರೆ.

ಏಜೆನ್ಸಿ ಒಂದು ರಿಜಿಸ್ಟರ್ ಇಡಬೇಕು. ಅದರಲ್ಲಿ ಆಡಳಿತ ನಡೆಸುವವರ ಹೆಸರು, ವಿಳಾಸ; ಪ್ರತಿ ಕಾವಲುಗಾರ ಮತ್ತು ಸೂಪರ್‌ವೈಸರ್‌ನ ಹೆಸರು, ವಿಳಾಸ, ಭಾವಚಿತ್ರ ಮತ್ತು ಸಂಬಳ; ಸೇವೆ ಪಡೆಯುತ್ತಿರುವವರ ಹೆಸರು, ವಿಳಾಸ ಇರಬೇಕು. ಪ್ರಾಧಿಕಾರ ಅಥವಾ ಅದು ಅಧಿಕಾರ ಕೊಟ್ಟವರು ಕಚೇರಿಗೆ ಬಂದು ಇವನ್ನು ಪರಿಶೀಲಿಸಬಹುದು.

ಆರನೆಯದು: ಕಾವಲುಗಾರನ ನೇಮಕ

ಕಾವಲುಗಾರ ಭಾರತದ ನಾಗರಿಕನಾಗಿರಬೇಕು, 18 ವರ್ಷ ತುಂಬಿರಬೇಕು, 65 ಮೀರಿರಬಾರದು. ಮಾದರಿ ನಿಯಮಗಳ ಪ್ರಕಾರ ಪುರುಷರಿಗೆ ಎತ್ತರ 160 ಸೆಂಟಿಮೀಟರ್, ಮಹಿಳೆಯರಿಗೆ 150. ಪುರುಷರ ಎದೆಯ ಸುತ್ತಳತೆ 80 ಸೆಂಟಿಮೀಟರ್, ಉಸಿರೆಳೆದಾಗ 4 ಸೆಂಟಿಮೀಟರ್ ಹಿಗ್ಗಬೇಕು. ಮಹಿಳೆಯರಿಗೆ ಈ ಅಳತೆ ಅನ್ವಯಿಸುವುದಿಲ್ಲ. ದೂರದೃಷ್ಟಿ 6/6 ಇರಬೇಕು, ಕನ್ನಡಕ ಹಾಕಿಕೊಂಡು ಇದ್ದರೂ ಸಾಕು. ಬಣ್ಣಗುರುಡು ಇರಬಾರದು, ಕಿವಿ ಚೆನ್ನಾಗಿ ಕೇಳಿಸಬೇಕು, ಒಂದು ಕಿಲೋಮೀಟರ್ ದೂರವನ್ನು ಆರು ನಿಮಿಷದಲ್ಲಿ ಓಡಬೇಕು. ಕೆಲಸಕ್ಕೆ ಸೇರಿದ ಮೇಲೆ ಪ್ರತಿ 12 ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆಯಾಗಬೇಕು, ಅದನ್ನು ಮಾಡಿಸುವ ಹೊಣೆ ಏಜೆನ್ಸಿಯದು.

ಪೂರ್ವಾಪರ ಪರಿಶೀಲನೆಯಲ್ಲಿ ನಮ್ಮ ಜಿಲ್ಲೆಯವರಿಗೆ ಹೆಚ್ಚು ಗೊಂದಲವಾಗುತ್ತದೆ. ಅಭ್ಯರ್ಥಿಯು ಕಳೆದ ಐದು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಜಿಲ್ಲೆಗಳಲ್ಲಿ ವಾಸಿಸಿದ್ದರೆ ಅಷ್ಟೂ ಜಿಲ್ಲೆಗಳಿಗೆ ಪ್ರತ್ಯೇಕ ನಮೂನೆ ತುಂಬಬೇಕು. ಕೋಲಾರ ಕಂದಾಯ ಜಿಲ್ಲೆಯೊಳಗೆ ಕೋಲಾರ ಮತ್ತು ಕೆಜಿಎಫ್ ಎಂಬ ಎರಡು ಪೊಲೀಸ್ ಜಿಲ್ಲೆಗಳಿದ್ದು, ಎರಡಕ್ಕೂ ಪ್ರತ್ಯೇಕ ಪೊಲೀಸ್ ವರಿಷ್ಠಾಧಿಕಾರಿಗಳಿದ್ದಾರೆ. ಉದಾಹರಣೆಗೆ, ಮುಳಬಾಗಿಲು ತಾಲ್ಲೂಕಿನ ಯುವಕನೊಬ್ಬ ಎರಡು ವರ್ಷ ರಾಬರ್ಟ್‌ಸನ್‌ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿದ್ದು, ಒಂದು ವರ್ಷ ಕುಪ್ಪಂನಲ್ಲಿ ದುಡಿದು, ಈಗ ವೇಮಗಲ್‌ನಲ್ಲಿ ಕೆಲಸಕ್ಕೆ ಬಂದಿದ್ದಾನೆ ಎಂದುಕೊಳ್ಳೋಣ. ಅವನ ಪರಿಶೀಲನೆ ಕೋಲಾರದ ಪೊಲೀಸರಲ್ಲಿ ಆರಂಭವಾದರೂ, ಕೆಜಿಎಫ್‌ನ ಎರಡು ವರ್ಷಕ್ಕೆ ಅಲ್ಲಿನ ವರಿಷ್ಠಾಧಿಕಾರಿಗಳ ವ್ಯಾಪ್ತಿಯ ಠಾಣೆ ಉತ್ತರ ಕೊಡಬೇಕು, ಕುಪ್ಪಂನ ಒಂದು ವರ್ಷಕ್ಕೆ ಆಂಧ್ರದ ಪೊಲೀಸರು ಉತ್ತರ ಕೊಡಬೇಕು. ಆಧಾರ್‌ನಲ್ಲಿರುವ ವಿಳಾಸವೊಂದನ್ನೇ ಬರೆದು ಕಳುಹಿಸಿದರೆ ಪರಿಶೀಲನೆ ಹೆಸರಿಗಷ್ಟೇ ಆಗುತ್ತದೆ. ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಕರ್ನಾಟಕದಲ್ಲಿ ಸೇವಾ ಸಿಂಧು ಪೋರ್ಟಲ್ ಮೂಲಕ ಅರ್ಜಿ ಸಲ್ಲಿಸಬಹುದು.

ಇಲ್ಲಿ ಪ್ರತಿ ಕಾವಲುಗಾರನೂ ತಿಳಿದಿರಬೇಕಾದ ವಿಷಯವೊಂದಿದೆ. ನಡತೆ ಮತ್ತು ಪೂರ್ವಾಪರದ ಪ್ರಮಾಣಪತ್ರ ಮೂರು ವರ್ಷ ಊರ್ಜಿತವಾಗಿರುತ್ತದೆ. ಏಜೆನ್ಸಿ ಬದಲಿಸಿದ ಮಾತ್ರಕ್ಕೆ ಅದು ರದ್ದಾಗುವುದಿಲ್ಲ. ತರಬೇತಿ ಪ್ರಮಾಣಪತ್ರವೂ ತರಬೇತಿ ಪಡೆದವನದೇ. ಕೆಲಸ ಬಿಡುವಾಗ ಇವುಗಳ ಮೂಲ ಪ್ರತಿಗಳನ್ನು ಹಿಡಿದಿಟ್ಟುಕೊಂಡು ‘ಬೇರೆಯವರು ಸಿಗುವವರೆಗೆ ಇರು’ ಎಂದು ಒತ್ತಾಯಿಸುವುದು ಸರಿಯಲ್ಲ. ಮೂಲ ಪ್ರತಿಗಳನ್ನು ತನ್ನಲ್ಲೇ ಇಟ್ಟುಕೊಂಡು, ಏಜೆನ್ಸಿಗೆ ಜೆರಾಕ್ಸ್ ಪ್ರತಿ ಕೊಟ್ಟು ಸಹಿ ಪಡೆಯುವುದು ಕಾವಲುಗಾರ ಮೊದಲ ದಿನದಿಂದಲೇ ಪಾಲಿಸಬೇಕಾದ ಕ್ರಮ.

ತರಬೇತಿಗೆ ಮಾದರಿ ನಿಯಮಗಳು ಕನಿಷ್ಠ 20 ಕೆಲಸದ ದಿನಗಳನ್ನು ನಿಗದಿಪಡಿಸಿವೆ: ತರಗತಿಯಲ್ಲಿ 100 ಗಂಟೆ, ಹೊರಗಿನ ಅಭ್ಯಾಸ 60 ಗಂಟೆ. ಮಾಜಿ ಸೈನಿಕರಿಗೆ ಮತ್ತು ನಿವೃತ್ತ ಪೊಲೀಸರಿಗೆ ಏಳು ಕೆಲಸದ ದಿನಗಳಲ್ಲಿ 40 ಮತ್ತು 16 ಗಂಟೆಗಳ ಕಿರು ತರಬೇತಿ ಸಾಕು. ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ಜನಸಂದಣಿಯ ನಿಯಂತ್ರಣ, ಗುರುತಿನ ಚೀಟಿಗಳ ಪರಿಶೀಲನೆ, ಸ್ಫೋಟಕಗಳನ್ನು ಗುರುತಿಸುವುದು, ಠಾಣೆಯಲ್ಲಿ ದೂರು ದಾಖಲಿಸುವ ಕ್ರಮ, ಆತ್ಮರಕ್ಷಣೆಯ ಹಕ್ಕು ಇವೆಲ್ಲ ಪಠ್ಯದಲ್ಲಿವೆ. 2024ರ ಜುಲೈ 1ರಿಂದ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿರುವುದರಿಂದ ಹಳೆಯ ಟಿಪ್ಪಣಿಗಳಿಂದ ಪಾಠ ಮಾಡುವ ಸಂಸ್ಥೆಗಳನ್ನು ದೂರವಿಡುವುದು ಒಳ್ಳೆಯದು. ಇದು ಹೆಸರಿಗಷ್ಟೇ ಹೇಳುವ ಮಾತಲ್ಲ. ಕಾವಲುಗಾರನಿಗೆ ಪೊಲೀಸರ ಅಧಿಕಾರವಿಲ್ಲ. ತನ್ನ ಕಣ್ಣೆದುರೇ ಜಾಮೀನುರಹಿತ, ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧ ನಡೆದಾಗ ಯಾವುದೇ ನಾಗರಿಕನಂತೆ ಅವನೂ ಆರೋಪಿಯನ್ನು ಹಿಡಿಯಬಹುದು, ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಪ್ರಕರಣದಂತೆ ಅನಗತ್ಯ ವಿಳಂಬವಿಲ್ಲದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಕಳ್ಳನೆಂಬ ಅನುಮಾನದಿಂದ ಯಾರನ್ನೋ ರಾತ್ರಿಯಿಡೀ ಕೋಣೆಯಲ್ಲಿ ಕೂಡಿಹಾಕಿದರೆ, ಥಳಿಸಿದರೆ, ಬೆಳಗಾಗುವಷ್ಟರಲ್ಲಿ ಆರೋಪಿಯಾಗುವವನು ಕಾವಲುಗಾರನೇ. 112ಕ್ಕೆ ಕರೆ ಮಾಡುವುದನ್ನು ತರಬೇತಿಯಲ್ಲೇ ರೂಢಿ ಮಾಡಿಸಬೇಕು.

ಸಮವಸ್ತ್ರ ಮತ್ತು ಗುರುತಿನ ಚೀಟಿ

ಗೇಟಿನಲ್ಲಿ ನಿಂತ ವ್ಯಕ್ತಿಯನ್ನು ನೋಡಿಯೇ ಏಜೆನ್ಸಿ ನಿಯಮ ಪಾಲಿಸುತ್ತಿದೆಯೇ ಎಂದು ಬಹುಮಟ್ಟಿಗೆ ಹೇಳಬಹುದು. ತೋಳಿನ ಮೇಲೆ ಏಜೆನ್ಸಿಯ ಗುರುತಿನ ಬ್ಯಾಡ್ಜ್, ಭುಜ ಅಥವಾ ಎದೆಯ ಮೇಲೆ ಹುದ್ದೆ ತಿಳಿಸುವ ಬ್ಯಾಡ್ಜ್, ಎಡ ಜೇಬಿನಲ್ಲಿ ದಾರಕ್ಕೆ ಕಟ್ಟಿದ ವಿಷಲ್, ಲೇಸು ಕಟ್ಟುವ ಷೂ, ತಲೆಗೆ ಟೋಪಿ ಇರಬೇಕು. ಬಟ್ಟೆ ಬಿಗಿಯಾಗಿಯೂ ಜೋಲಾಡುವಂತೆಯೂ ಇರದೆ, ಬಗ್ಗಿ ಏಳಲು ಅಡ್ಡಿಯಾಗದಂತಿರಬೇಕು. ಒಂದು ಚಿಕ್ಕ ನೋಟ್‌ಬುಕ್ ಮತ್ತು ಪೆನ್ನು ಸದಾ ಜೊತೆಗಿರಬೇಕು ಎಂದೂ ನಿಯಮ ಹೇಳುತ್ತದೆ. ಈ ನೋಟ್‌ಬುಕ್ಕನ್ನು ಯಾರೂ ಗಂಭೀರವಾಗಿ ಪರಿಗಣಿಸುವುದಿಲ್ಲ, ಆದರೆ ಕಾವಲುಗಾರನಿಗೆ ಅದಕ್ಕಿಂತ ದೊಡ್ಡ ಆಸರೆ ಬೇರೆ ಇಲ್ಲ. ಯಾವ ಲಾರಿ ಎಷ್ಟು ಗಂಟೆಗೆ ಒಳಬಂತು, ತಾನು ಎಷ್ಟು ಗಂಟೆಗೆ ಪಾಳಿಗೆ ಬಂದೆ, ಬದಲಿ ಬರದೆ ಎಷ್ಟು ತಾಸು ಹೆಚ್ಚಿಗೆ ನಿಂತೆ ಎಂಬುದನ್ನು ದಿನವೂ ತನ್ನ ಕೈಬರಹದಲ್ಲಿ ಬರೆದಿಟ್ಟವನು ಕಳವಿನ ವಿಚಾರಣೆಯಲ್ಲೂ, ಸಂಬಳದ ತಕರಾರಿನಲ್ಲೂ ಮಾತಿಗೆ ಆಧಾರ ತೋರಿಸಬಲ್ಲ.

ಬಣ್ಣದ ಭಾವಚಿತ್ರವಿರುವ ಗುರುತಿನ ಚೀಟಿಯನ್ನು ಏಜೆನ್ಸಿಯೇ ಕೊಡಬೇಕು. ಅದು ಇಲ್ಲದೆ ಯಾರನ್ನೂ ಕೆಲಸಕ್ಕೆ ಹಚ್ಚುವಂತಿಲ್ಲ. ಹೆಸರು, ಏಜೆನ್ಸಿಯ ಹೆಸರು, ಗುರುತಿನ ಸಂಖ್ಯೆ, ಹುದ್ದೆ, ಯಾವಾಗಿನವರೆಗೆ ಊರ್ಜಿತ ಎಂಬ ವಿವರಗಳು ಅದರಲ್ಲಿರಬೇಕು. ಕೆಲಸದಲ್ಲಿರುವಾಗ ಸೊಂಟದ ಮೇಲ್ಭಾಗದಲ್ಲಿ, ಹೊರಗಿನ ಬಟ್ಟೆಯ ಮೇಲೆ ಕಾಣುವಂತೆ ಧರಿಸಬೇಕು. ಚಳಿಗಾಲದ ರಾತ್ರಿಪಾಳಿಯಲ್ಲಿ ಸ್ವೆಟರ್ ಹಾಕಿಕೊಂಡರೆ ಚೀಟಿ ಸ್ವೆಟರಿನ ಮೇಲೆಯೇ ಇರಬೇಕು. ಕೆಲಸ ಬಿಟ್ಟಾಗ ಈ ಚೀಟಿಯನ್ನು ಮಾತ್ರ ಏಜೆನ್ಸಿಗೆ ಮರಳಿಸಬೇಕು.

ಸೇನೆಯ ಅಥವಾ ಪೊಲೀಸರ ಸಮವಸ್ತ್ರವನ್ನು ಹೋಲುವ ಉಡುಪು ತೊಡಿಸಿದರೆ ಧರಿಸಿದವನಿಗೂ ಮಾಲೀಕರಿಗೂ ಒಂದು ವರ್ಷದವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಬಂದೂಕಿನ ಕಾವಲಿಗೆ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರತ್ಯೇಕ ಪರವಾನಗಿ ಬೇಕು. ಪಸಾರಾ ಪರವಾನಗಿ ಆ ಹಕ್ಕನ್ನು ಕೊಡುವುದಿಲ್ಲ. ಬ್ಯಾಂಕಿನ ಹಣ ಸಾಗಿಸುವ ಏಜೆನ್ಸಿಗಳಿಗೆ 2018ರ ನಿಯಮಗಳು ಬೇರೆಯೇ ಇವೆ: ಒಂದು ವಾಹನದಲ್ಲಿ ಒಂದು ಸುತ್ತಿಗೆ ಐದು ಕೋಟಿ ರೂಪಾಯಿ ಮೀರಬಾರದು, ಗ್ರಾಮೀಣ ಪ್ರದೇಶದ ಎಟಿಎಂಗಳಿಗೆ ಸಂಜೆ 6ರ ನಂತರ, ನಗರ ಪ್ರದೇಶದಲ್ಲಿ ರಾತ್ರಿ 9ರ ನಂತರ ಹಣ ತುಂಬುವಂತಿಲ್ಲ.

ಏಳನೆಯದು: ಸಂಬಳ, ಪಾಳಿ

ಕನಿಷ್ಠ ವೇತನ, ಭವಿಷ್ಯ ನಿಧಿ, ಬೋನಸ್, ಗ್ರಾಚ್ಯುಟಿ ಮುಂತಾದ ಕಾರ್ಮಿಕ ಕಾನೂನುಗಳನ್ನು ಪಸಾರಾ ಕಾಯ್ದೆ ತನ್ನ ಅನುಸೂಚಿಯಲ್ಲೇ ಸೇರಿಸಿಕೊಂಡಿದ್ದು, ಅವುಗಳನ್ನು ಉಲ್ಲಂಘಿಸುವ ಏಜೆನ್ಸಿಯ ಪರವಾನಗಿಯನ್ನು ರದ್ದುಪಡಿಸಬಹುದು ಎಂದು 13ನೇ ಪ್ರಕರಣ ಹೇಳುತ್ತದೆ. ಅಂದರೆ ಸಂಬಳದ ತಕರಾರು ಕಾರ್ಮಿಕ ಇಲಾಖೆಗೆ ಮಾತ್ರ ಸೇರಿದ್ದಲ್ಲ. ಅದು ಪರವಾನಗಿಯನ್ನೇ ಅಲುಗಾಡಿಸಬಲ್ಲ ವಿಷಯ.

ಕರ್ನಾಟಕದಲ್ಲಿ ಭದ್ರತಾ ಏಜೆನ್ಸಿಗಳ ಸಿಬ್ಬಂದಿಗೆ ಕನಿಷ್ಠ ವೇತನ ನಿಗದಿಯಾಗಿದ್ದು, ವ್ಯತ್ಯಾಸವಾಗುವ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುತ್ತದೆ. ಆ ಮೊತ್ತ ಎಂಟು ಗಂಟೆಯ ದುಡಿಮೆಗೆ. 12 ಗಂಟೆಯ ಪಾಳಿಯಲ್ಲಿ ನಿಲ್ಲಿಸಿ ಎಂಟು ಗಂಟೆಯ ಸಂಬಳ ಕೊಡುವ ಪದ್ಧತಿ ಎಷ್ಟೇ ಸಾಮಾನ್ಯವಾಗಿದ್ದರೂ ಅದು ಕಾನೂನುಬಾಹಿರ. ಹೆಚ್ಚಿನ ನಾಲ್ಕು ಗಂಟೆಗೆ ದುಪ್ಪಟ್ಟು ದರದಲ್ಲಿ ಓಟಿ (ಹೆಚ್ಚುವರಿ ದುಡಿಮೆಯ ಕೂಲಿ) ಕೊಡಬೇಕು. ಸಂಬಳದ ಚೀಟಿಯಲ್ಲಿ ಭವಿಷ್ಯ ನಿಧಿಗೆ ಶೇ 12 ಮತ್ತು ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಇಎಸ್‌ಐಗೆ ಶೇ 0.75 ಕಡಿತವಾಗಿದ್ದರೆ, ಆ ಹಣ ಖಾತೆಗೆ ಸೇರಿದೆಯೇ ಎಂದು ಯುಎಎನ್ ಎಂಬ ಭವಿಷ್ಯ ನಿಧಿ ಖಾತೆ ಸಂಖ್ಯೆಯ ಮೂಲಕ ಆನ್‌ಲೈನ್ ಪಾಸ್‌ಬುಕ್ಕಿನಲ್ಲಿ, ಇಎಸ್‌ಐ ವಿಮಾ ಸಂಖ್ಯೆಯ ಮೂಲಕ ಆ ಪೋರ್ಟಲ್‌ನಲ್ಲಿ ಕಾವಲುಗಾರ ತಿಂಗಳಿಗೊಮ್ಮೆ ನೋಡಿಕೊಳ್ಳಬೇಕು. ಸಮವಸ್ತ್ರಕ್ಕೆ, ತರಬೇತಿಗೆ ಎಂದು ಸಂಬಳದಲ್ಲಿ ಹಿಡಿದುಕೊಂಡರೆ ಯಾವ ಲೆಕ್ಕಕ್ಕೆ ಎಂದು ಬರಹದಲ್ಲಿ ಕೇಳಬೇಕು.

ಎಂಟನೆಯದು: ಸೇವೆ ಪಡೆಯುವವರು ಕೇಳಬೇಕಾದದ್ದು

ಕಾರ್ಖಾನೆಯಾಗಲಿ, ನರ್ಸಿಂಗ್ ಹೋಮ್ ಆಗಲಿ, ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಪರವಾನಗಿಯ ಪ್ರತಿ ತರಿಸಿಕೊಂಡು ಅದರಲ್ಲಿ ಕೋಲಾರ ಜಿಲ್ಲೆ ಸೇರಿದೆಯೇ, ಅವಧಿ ಮುಗಿದಿಲ್ಲವೇ, ಹೆಸರು ಒಪ್ಪಂದದಲ್ಲಿರುವ ಹೆಸರೇ ಹೌದೇ ಎಂದು ನೋಡಬೇಕು. ಬಳಿಕ ತಮ್ಮಲ್ಲಿ ನಿಯೋಜಿಸುವ ಪ್ರತಿಯೊಬ್ಬರ ತರಬೇತಿ ಪ್ರಮಾಣಪತ್ರ, ಪೊಲೀಸ್ ಪರಿಶೀಲನೆ, ಗುರುತಿನ ಚೀಟಿಗಳ ಪ್ರತಿ ಪಡೆದು ಕಡತದಲ್ಲಿಡಬೇಕು. ಪ್ರತಿ ತಿಂಗಳ ಬಿಲ್ಲಿನೊಂದಿಗೆ ಹಿಂದಿನ ತಿಂಗಳ ಭವಿಷ್ಯ ನಿಧಿ ಮತ್ತು ಇಎಸ್‌ಐ ಚಲನ್, ಅದರಲ್ಲಿ ತಮ್ಮ ಗೇಟಿನ ಸಿಬ್ಬಂದಿಯ ಹೆಸರಿರುವ ಪುಟ ಬಂದ ಮೇಲೆಯೇ ಹಣ ಪಾವತಿಸುವ ಷರತ್ತನ್ನು ಒಪ್ಪಂದದಲ್ಲಿ ಬರೆಸುವುದು ಕ್ಷೇಮ. ಗುತ್ತಿಗೆದಾರ ಸಂಬಳ ಅಥವಾ ವಂತಿಗೆ ಬಾಕಿ ಉಳಿಸಿದರೆ ಅದನ್ನು ತುಂಬುವ ಹೊಣೆ ಪ್ರಧಾನ ಮಾಲೀಕರ, ಅಂದರೆ ಸೇವೆ ಪಡೆಯುವ ಸಂಸ್ಥೆಯ ಮೇಲೆ ಬರುತ್ತದೆ. ಕನಿಷ್ಠ ವೇತನ, ಕಾನೂನಿನ ವಂತಿಗೆಗಳನ್ನು ಕೂಡಿಸಿದ ಮೊತ್ತಕ್ಕಿಂತಲೂ ಕಡಿಮೆ ದರಕ್ಕೆ ಯಾರಾದರೂ ಜನರನ್ನು ಕೊಡುತ್ತೇವೆಂದರೆ, ಆ ವ್ಯತ್ಯಾಸ ಯಾರ ಹೊಟ್ಟೆಯಿಂದ ಬರುತ್ತದೆಂದು ಲೆಕ್ಕ ಹಾಕಿದವರು ಆ ದರವನ್ನು ಒಪ್ಪಬಾರದು.

ನವೀಕರಣ ಮತ್ತು ದೂರು

ಪರವಾನಗಿಯ ಅವಧಿ ಮುಗಿಯಲು 45 ದಿನಗಳಿಗೆ ಕಡಿಮೆಯಿಲ್ಲದಂತೆ ಮೊದಲೇ ನವೀಕರಣದ ಅರ್ಜಿ ಸಲ್ಲಿಸಬೇಕು. ಶುಲ್ಕ ಮೊದಲಿನಷ್ಟೇ, ಪ್ರಾಧಿಕಾರವು 30 ದಿನಗಳೊಳಗೆ ಆದೇಶ ಹೊರಡಿಸಬೇಕು. ನವೀಕರಣದ ವೇಳೆಗೆ ರಿಜಿಸ್ಟರ್, ತರಬೇತಿ ದಾಖಲೆ, ವಂತಿಗೆಯ ಚಲನ್‌ಗಳು ಐದೂ ವರ್ಷದವು ಕೈಯಲ್ಲಿರಬೇಕು. ಕಚೇರಿಯ ವಿಳಾಸ ಅಥವಾ ಆಡಳಿತ ಬದಲಾದರೆ, ನಡೆಸುವವರ ಅಥವಾ ಕಾವಲುಗಾರರ ಮೇಲೆ ಕ್ರಿಮಿನಲ್ ಆರೋಪ ನಿಗದಿಯಾದರೆ, ನವೀಕರಣದವರೆಗೆ ಕಾಯದೆ ಕೂಡಲೇ ತಿಳಿಸಬೇಕು.

ಸಂಬಳ ಮತ್ತು ಓಟಿ ಬಾಕಿಯ ದೂರನ್ನು ಕೋಲಾರದ ಕಾರ್ಮಿಕ ಇಲಾಖೆಯ ಕಚೇರಿಗೂ, ಭವಿಷ್ಯ ನಿಧಿಯ ದೂರನ್ನು ಆ ಸಂಸ್ಥೆಯ ಆನ್‌ಲೈನ್ ಕುಂದುಕೊರತೆ ಪೋರ್ಟಲ್‌ಗೂ, ಪರವಾನಗಿಯಿಲ್ಲದೆ ನಡೆಯುತ್ತಿರುವ ಅಥವಾ ತರಬೇತಿ, ಗುರುತಿನ ಚೀಟಿ ಕೊಡದ ಏಜೆನ್ಸಿಯ ದೂರನ್ನು ನಿಯಂತ್ರಣ ಪ್ರಾಧಿಕಾರಕ್ಕೂ, ಪ್ರದೇಶಕ್ಕೆ ತಕ್ಕಂತೆ ಕೋಲಾರದ ಅಥವಾ ಕೆಜಿಎಫ್‌ನ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೂ ಕೊಡಬಹುದು. ದೂರಿನೊಂದಿಗೆ ಗುರುತಿನ ಚೀಟಿಯ ಎರಡೂ ಬದಿಯ ಪ್ರತಿ, ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್ಕಿನ ಪುಟ, ಪಾಳಿಯ ವಿವರ ಬರೆದ ನೋಟ್‌ಬುಕ್ಕಿನ ಜೆರಾಕ್ಸ್ ಲಗತ್ತಿಸಿ, ಕಚೇರಿಯಲ್ಲಿ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡ ಪ್ರತಿಯೊಂದನ್ನು ತಮ್ಮಲ್ಲಿ ಇಟ್ಟುಕೊಳ್ಳಬೇಕು.